ಗಟ್ಟಿಯಾಗದ ಒಂಬತ್ತು ಕ್ಯೂಬ್‌ಗಳು

ಕಬ್ಬಿಣದ ಅಚ್ಚಿನ ಕೊನೆಯ ಬೋಲ್ಟು ಬಿಚ್ಚಿದ್ದೇ ತಡ, ಒಳಗಿದ್ದ ಕಾಂಕ್ರೀಟು ಬಿಸಿ ಕೇಸರಿಬಾತಿನ ಹಾಗೆ ನೆಲದ ಮೇಲೆ ಕುಸಿದು ಕೂತಿತು.

"ಅಯ್ಯಯ್ಯೋ!"

ಕಯಲ್‌ವಿಳಿ ಹಾಕಿದ ಕೂಗಿಗೆ ಉಣ್ಣಾಮಲೈ ಆಚ್ಚಿ ಎಂಜಿನಿಯರಿಂಗ್ ಕಾಲೇಜಿನ ಬೇವಿನ ಮರಗಳಲ್ಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದು, ಕಾರೈಕುಡಿಯನ್ನೂ ದಾಟಿ, ನೇರ ರಾಮೇಶ್ವರದ ಕಡೆ ಹೊರಟವು. ಅವು ಮರಳಿ ಬಂದದ್ದನ್ನು ಕಂಡವರಿಲ್ಲ.

"ಇದು ಒಂಬತ್ತನೇದು ಮೇಡಂ. ಒಂದೂ ಗಟ್ಟಿಯಾಗಿಲ್ಲ. ಒಂದೂ!"

ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವಳು ಪೊನ್ನರಸಿ. ಸಿವಿಲ್ ವಿಭಾಗದ ಕೊನೆಯ ವರ್ಷದ ಪ್ರಾಜೆಕ್ಟುಗಳ ಉಸ್ತುವಾರಿಯೆಲ್ಲ ಅವಳದೇ. ಯಾವ ತಂಡಕ್ಕೆ ಯಾವ ವಿಷಯ, ಯಾರು ಗೈಡ್, ಯಾವ ವಾರ ರಿವ್ಯೂ, ಯಾರಿಗೆ ಯಾವತ್ತು ಲ್ಯಾಬು, ಎಲ್ಲವನ್ನೂ ಬರೆದು ಅವಳು ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿ ಎಷ್ಟು ಉದ್ದವೆಂದರೆ, ಓದಲು ನಿಂತ ಹುಡುಗರು ಓದಿ ಮುಗಿಸುವಷ್ಟರಲ್ಲಿ ಪಾಸಾಗಿ, ಮದುವೆಯಾಗಿ, ಮಗುವಿಗೆ ಕಿವಿ ಚುಚ್ಚಿಸಿರುತ್ತಿದ್ದರು. ಪ್ರಾಜೆಕ್ಟಿನ ಜೊತೆಗೆ ಪತ್ತೇದಾರಿಕೆಯ ಹುಚ್ಚು ಬೇರೆ. ಕ್ಯಾಂಟೀನಿನಲ್ಲಿ ವಡೆ ಕಳೆದರೂ ಅವಳಿಗೇ ಬುಲಾವು.

ಇಂದು ಕಳೆದದ್ದು ವಡೆಯಲ್ಲ. ಆತ್ತಂಗುಡಿಯಲ್ಲಿ ಒಡೆದವೆಂದು ಬಿಸಾಡುವ ನೆಲದ ಬಿಲ್ಲೆಗಳನ್ನು, ಅಂದರೆ ಟೈಲುಗಳನ್ನು, ಪುಡಿ ಮಾಡಿ, ಮರಳಿನ ಬದಲು ಕಾಂಕ್ರೀಟಿಗೆ ಹಾಕಿದರೆ ತಡೆಯುತ್ತದೆಯೇ? ಇದು ಕಯಲ್‌ವಿಳಿಯ ಸಂಶೋಧನೆ. ನಿನ್ನೆ ತಾನೇ ಆರತಿ ಎತ್ತಿ ಎರಕ ಹೊಯ್ದಿದ್ದಳು. ಕ್ಯೂಬುಗಳು ಇಂದು ಅಚ್ಚಿನಿಂದ ಬಿಡಿಸಿಕೊಂಡು ನೀರಿನ ತೊಟ್ಟಿ ಸೇರಬೇಕು, ಇಪ್ಪತ್ತೆಂಟು ದಿನ ನೆನೆಯಬೇಕು, ಆಮೇಲೆ ಯಂತ್ರದಡಿ ಸಿಕ್ಕಿ ಪುಡಿಯಾಗುತ್ತ ತಮ್ಮ ಶಕ್ತಿ ಎಷ್ಟೆಂದು ಹೇಳಬೇಕು. ಅದಾದ ಎರಡನೇ ದಿನವೇ ವೈವಾ.

ಅಂದರೆ ಎರಕ ಹೊಯ್ಯಲು ಇವತ್ತೇ ಕಡೆಯ ದಿನ. ಪೊನ್ನರಸಿಯ ವೇಳಾಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಹಾಗೆಂದೇ ಇತ್ತು.

"ಇವತ್ತೇ ಮತ್ತೆ ಎರೀತೀನಿ ಮೇಡಂ. ಬಿಲ್ಲೆ ಪುಡಿ ಇನ್ನೂ ಎರಡು ಮೂಟೆ ಇದೆ."

"ಎಚ್‌ಓಡಿ ಮೇಡಂ ಬಿಡಬೇಕಲ್ಲ ತಾಯಿ. ಹೋದ ವರ್ಷ ಅಂಕಿ ಚೆನ್ನಾಗಿ ಬರಲಿಲ್ಲ ಅಂತ ಎಲ್ಲಾ ತಂಡದವರೂ ಮತ್ತೆ ಮತ್ತೆ ಎರೆದು ಲ್ಯಾಬನ್ನೇ ಕಲ್ಲುಗಣಿ ಮಾಡಿದ್ರು. ಈಗ ಒಂದೇ ನಿಯಮ. ನಿಮ್ಮ ತಪ್ಪಾದ್ರೆ ಮರುಎರಕ ಇಲ್ಲ."

"ಇದು ನಮ್ಮ ತಪ್ಪಲ್ಲ!"

"ಹಾಗಾದ್ರೆ ಯಾರದ್ದು ಅಂತ ಸಂಜೆ ನಾಲ್ಕರೊಳಗೆ ಹೇಳು ಅಂತಾರೆ. ಆಗಲೇ ಅಂದೂಬಿಟ್ರು."

ಕಯಲ್‌ವಿಳಿ ಅಳಲಿಲ್ಲ. ಮುಖ ಮಾತ್ರ ಸುಣ್ಣದ ಗೋಡೆಯಾಯಿತು. ಚೆನ್ನೈಯಲ್ಲಿ ಅವಳಿಗೊಂದು ಉನ್ನತ ಸಂಶೋಧನೆಯ ಸೀಟು ಕಾದಿತ್ತು. ಈ ವರ್ಷ ಪ್ರಾಜೆಕ್ಟು ಮುಗಿದರೆ ಉಂಟು, ಇಲ್ಲದಿದ್ದರೆ ಅದು ಪಟ್ಟಿಯಲ್ಲಿ ಹಿಂದೆ ನಿಂತವನ ಪಾಲು.

ಪೊನ್ನರಸಿ ಬಗ್ಗಿದಳು. ಬೆಳಿಗ್ಗೆಯಿಂದಲೇ ಅವಳ ತಲೆ ಕೆಟ್ಟಿತ್ತು. ಸ್ಟಾಫ್ ರೂಮಿನ ಬೀರುವಿನಲ್ಲಿದ್ದ ಸಕ್ಕರೆ ಡಬ್ಬಿ ಯಾರೋ ನೆಕ್ಕಿಟ್ಟ ಹಾಗೆ ಖಾಲಿಯಾಗಿ, ಸಪ್ಪೆ ಟೀ ಕುಡಿದು ಬಂದಿದ್ದಳು. ಆದರೂ ಅವಳ ಕಣ್ಣೇನು ಸಾಮಾನ್ಯದ್ದೇ? ಹದ್ದು ಆ ಕಣ್ಣನ್ನು ಕಂಡಿದ್ದರೆ ನಾಚಿ ಕನ್ನಡಕ ಹಾಕಿಕೊಳ್ಳುತ್ತಿತ್ತು.

ನಿನ್ನೆ ಕಲಸಲು ನೀರಿಟ್ಟಿದ್ದ ಬಿಳಿ ಪ್ಲಾಸ್ಟಿಕ್ ಬಕೆಟ್ಟು ಮೂಲೆಯಲ್ಲಿತ್ತು. ಅದರ ಬಾಯಿಯ ಸುತ್ತ ಇರುವೆಗಳು. ಮೆರವಣಿಗೆಯೇ. ಮಧುರೈ ಜಿಲ್ಲೆಯ ಅಷ್ಟೂ ಇರುವೆಗಳು ಮಕ್ಕಳುಮರಿ ಕಟ್ಟಿಕೊಂಡು ಬಂದಂತಿತ್ತು.

ಪೊನ್ನರಸಿ ಬಕೆಟ್ಟಿನ ಅಂಚಿಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟಳು.

"ಮೇಡಂ! ಛೀ!"

"ಸಿಹಿ."

"ಏನು?"

"ಸಿಹಿ ಕಣೇ. ಯಾರೋ ನೀರಿಗೆ ಸಿಹಿ ಹಾಕಿದಾರೆ."

ಸಿವಿಲ್ ಓದಿದ ಹಸುಗೂಸಿಗೂ ಗೊತ್ತು, ಸಕ್ಕರೆ ಸಿಮೆಂಟಿಗೆ ವಿಷ. ಸ್ವಲ್ಪ ಬಿದ್ದರೂ ಅದು ಗಟ್ಟಿಯಾಗುವುದನ್ನೇ ಮರೆತು ಕೂರುತ್ತದೆ.

ಅಷ್ಟರಲ್ಲಿ ಬಾಗಿಲಲ್ಲಿ ಇಸ್ತ್ರಿ ಅಂಗಿಯೊಂದು ಮಿಂಚಿತು. ಕಯಲ್‌ವಿಳಿಯ ಗೈಡ್, ಡಾಕ್ಟರ್ ತಿರುಮಾರನ್.

ಪೊನ್ನರಸಿಯೂ ಅವನೂ ಒಂದೇ ಬೆಂಚಿನಲ್ಲಿ ಓದಿದವರು. ಅವನಿಗೆ ಡಾಕ್ಟರೇಟು ಬಂದು ಏಳು ವರ್ಷ. ಅವಳದು ಹುಡುಗರ ರಿವ್ಯೂಗಳ ನಡುವೆ ಸಿಕ್ಕಿ ಇನ್ನೂ ಮೂರನೇ ಅಧ್ಯಾಯದಲ್ಲೇ ಉಸಿರಾಡುತ್ತಿತ್ತು. ವರ್ಷವೂ ಬೆಸ್ಟ್ ಪ್ರಾಜೆಕ್ಟ್ ಕಪ್ಪು ಅವನ ತಂಡಕ್ಕೇ. ಅವರಿಬ್ಬರೂ ಹಂಚಿಕೊಂಡಿದ್ದ ಸ್ಟಾಫ್ ರೂಮಿನಲ್ಲಿ ಕಪ್ಪುಗಳು ಅವಳ ಮೇಜಿನತ್ತಲೇ ಮುಖ ಮಾಡಿ ಕೂತು ಹಲ್ಲು ಕಿರಿಯುತ್ತಿದ್ದವು. ಅವನ್ನು ಕಂಡಾಗ ಅವಳ ಹೊಟ್ಟೆಯಲ್ಲಿ ಏಳುತ್ತಿದ್ದ ಕಿಚ್ಚಿನಲ್ಲಿ ಶಿವಗಂಗೆ ಜಿಲ್ಲೆಯ ಇಟ್ಟಿಗೆ ಗೂಡುಗಳನ್ನೆಲ್ಲ ಒಂದು ವಾರ ಉರಿಸಬಹುದಿತ್ತು, ಸೌದೆ ಉಳಿಯುತ್ತಿತ್ತು.

"ನನ್ನ ಮಗೂನ ಕೊಂದ್ಬಿಟ್ರಲ್ಲ," ಎಂದ ತಿರುಮಾರನ್, ಕುಸಿದ ಕ್ಯೂಬಿನ ಮೇಲೆ ಕೈಯಾಡಿಸುತ್ತ. "ಯಾರೇ ಆಗಲಿ ಬಿಡಬೇಡ ಪೊನ್ನರಸಿ. ಈ ಕಾಲೇಜಿನಲ್ಲಿ ಸಿಹಿ ಇಟ್ಕೊಂಡು ಪ್ರಾಜೆಕ್ಟ್ ಮಾಡ್ತಿರೋನು ಒಬ್ಬನೇ ತಾನೇ?"

ಇವನೇ ಮಾಡಿರಬಾರದೇ ದೇವರೇ ಎಂದು ಪೊನ್ನರಸಿಯ ಮನಸ್ಸು ಒಮ್ಮೆ ಬೇಡಿಕೊಂಡಿತು. ಆದರೆ ಆಸೆ ಬೇರೆ, ತರ್ಕ ಬೇರೆ. ತನ್ನ ಕಪ್ಪನ್ನು ತಾನೇ ಯಾರು ಒಡೆದುಕೊಳ್ಳುತ್ತಾರೆ?

ಸಿಹಿ ಇಟ್ಟುಕೊಂಡವನು ಕಾಲೇಜಿನ ಹಿಂದಿನ ಅಂಗಳದಲ್ಲಿದ್ದ. ಅಳಗಪ್ಪನ್. ಹಳೇ ಚೆಟ್ಟಿನಾಡು ಮನೆಗಳ ಕನ್ನಡಿಯಂಥ ಗೋಡೆಗೆ ಮೆತ್ತುತ್ತಿದ್ದ ಸುಣ್ಣದ ಗಾರೆಯ ಗುಟ್ಟು ಹುಡುಕುವುದು ಅವನ ಪ್ರಾಜೆಕ್ಟು. ಸುಣ್ಣ, ಅಳಲೆಕಾಯಿ, ಮೊಟ್ಟೆಯ ಬಿಳಿ, ತಾಳೆಬೆಲ್ಲದ ನೀರು. ಗಾರೆಗೆ ಬೆಲ್ಲ ಅಮೃತ. ಆ ಅಮೃತದ ಕಪ್ಪು ಕಂದು ಬಣ್ಣ ಅವನ ಮೊಳಕೈವರೆಗೂ ಹತ್ತಿ, ಉಗುರಿನೊಳಗೆ ಇಳಿದು, ಮೂರು ತಲೆಮಾರು ತೊಳೆದರೂ ಹೋಗದ ಹಾಗೆ ಕೂತಿತ್ತು.

"ಅಳಗಪ್ಪಾ, ಕೈ ತೋರ್ಸು."

"ಯಾಕೆ ಮೇಡಂ, ಭವಿಷ್ಯ ಹೇಳ್ತೀರಾ?"

"ಹೇಳ್ತೀನಿ. ಸಂಜೆ ನಾಲ್ಕಕ್ಕೆ ನಿನಗೆ ಕಂಟಕ ಇದೆ."

ಅವನು ಗಾರೆಯ ಸೌಟನ್ನು ಕೆಳಗಿಟ್ಟ. "ಕಯಲ್ ಕ್ಯೂಬ್ ವಿಷಯನಾ? ಕೇಳ್ದೆ. ಹಾಸ್ಟೆಲಿನಲ್ಲಿ ಆಗಲೇ ಮಾಡಿದ್ದು ನಾನೇ ಅಂತ ಕರ್ಪೂರ ಹಚ್ಚಿ ಆಣೆ ಇಟ್ಟಿದಾರೆ."

"ಚೆನ್ನೈ ಸೀಟಿಗೆ ಅವಳ ಹಿಂದೆ ನಿಂತಿರೋದು ಯಾರು?"

"ನಾನೇ."

"ಅವಳು ಬಿದ್ರೆ?"

"ನಾನು ಏಳ್ತೀನಿ. ಲೆಕ್ಕ ಸರಿಯಾಗಿದೆ ಮೇಡಂ, ಉತ್ತರ ಮಾತ್ರ ತಪ್ಪು."

"ನಿನಗೆ ಅವಳ ಮೇಲೆ ಹೊಟ್ಟೆಕಿಚ್ಚಿಲ್ವಾ?"

ಅಳಗಪ್ಪನ್ ನಕ್ಕ. ಆ ನಗುವನ್ನು ಹಿಂಡಿದ್ದರೆ ಒಂದು ಕೊಡ ಹುಣಸೆರಸ ಬರುತ್ತಿತ್ತು.

"ಇಲ್ಲ ಅಂತ ಪಿಳ್ಳೈಯಾರ್‌ಪಟ್ಟಿ ಗಣಪತಿ ಮುಂದೆ ನಿಂತು ಸುಳ್ಳು ಹೇಳೋಕಾಗುತ್ತಾ? ಬಿಲ್ಲೆ ಪುಡಿ ಯೋಚನೆ ನಾವಿಬ್ರೂ ಕೂತು ಹುಟ್ಟಿಸಿದ್ದು, ಅದೇ ಕ್ಯಾಂಟೀನ್ ಕಟ್ಟೆ ಮೇಲೆ. ಒಂದೇ ತಂಡ ಅಂದ್ಕೊಂಡಿದ್ವಿ. ನೀವು ಚೀಟಿ ಎತ್ತಿ ನಮ್ಮನ್ನ ಬೇರೆ ಮಾಡಿದ್ರಿ. ವಿಷಯ ಅವಳಿಗೆ ಹೋಯ್ತು. ತಿರುಮಾರನ್ ಸಾರ್ ಅವಳಿಗೆ ಹೋದ್ರು. ಕಪ್ಪೂ ಹೋಗುತ್ತೆ. ನನಗೆ ಉಳಿದಿದ್ದು ಮೊಟ್ಟೆ ಒಡೆಯೋ ಕೆಲಸ. ಹೊಟ್ಟೆ ಉರೀತದೆ ಮೇಡಂ, ಸುಣ್ಣ ನುಂಗಿದ ಹಾಗೆ. ಆದ್ರೆ ಅವಳ ಬಕೆಟ್ ನಾನು ಮುಟ್ಟಿಲ್ಲ."

"ಮತ್ತೆ ಯಾರು ಮುಟ್ಟಿದ್ದು?"

"ಹೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಹೇಳೋ."

"ನೀವೇ."

ಪೊನ್ನರಸಿಯ ಬಾಯಿ ತೆರೆಯಿತು. ಇಡೀ ಗಾರೆಯ ಬಾಂಡಲಿ ಅದರೊಳಗೆ ಹಿಡಿಸುತ್ತಿತ್ತು.

"ನಿನ್ನೆ ಪೂಜೆಯಲ್ಲಿ ಕಲ್ಲುಸಕ್ಕರೆ ತಟ್ಟೆ ಹಿಡ್ಕೊಂಡು ಬಂದಿದ್ದು ಯಾರು ಮೇಡಂ?"

ನಿಜ. ಮನೆಯ ಪಾಯಕ್ಕೆ ಮೊದಲ ಬಾಂಡಲಿ ಸುರಿಯುವಾಗ ಒಂದು ಹರಳು ಕಲ್ಲುಸಕ್ಕರೆ ಹಾಕುವುದು ಆ ಸೀಮೆಯ ಪದ್ಧತಿ. ಕೆಲಸ ಸಿಹಿಯಾಗಿ ಮುಗಿಯಲಿ ಎಂದು. ಎರಕದ ದಿನ ಪ್ರತಿ ತಂಡವೂ ನೀರಿಗೆ ಒಂದೇ ಒಂದು ಹರಳು ಹಾಕುವ ಸಂಪ್ರದಾಯವನ್ನು ಕಾಲೇಜಿಗೆ ತಂದವಳು ಪೊನ್ನರಸಿಯೇ. ಒಂದು ಹರಳಿಗೆ ಯಾವ ಕಾಂಕ್ರೀಟೂ ಕೆಡುವುದಿಲ್ಲ. ಉಳಿದ ತಂಡಗಳ ಕ್ಯೂಬುಗಳು ಗಂಟೆಯ ಹಾಗೆ ಠಣ್ ಎನ್ನುತ್ತ ಅಚ್ಚಿನಿಂದ ಎದ್ದಿದ್ದವು.

"ಕಯಲ್ ತಂಡದ್ದೇ ಕೊನೆ," ಅಳಗಪ್ಪನ್ ಮುಂದುವರಿಸಿದ. "ಎಲ್ಲರಿಗಿಂತ ದೊಡ್ಡ ಕರ್ಪೂರ ಹಚ್ಚಿ ಫೋಟೋ ಹೊಡೆಸ್ಕೊಂಡ್ರು ಅಂತ ನಿಮಗೆ ಉರೀತು. ಏನಂದ್ರಿ ನೆನಪಿದ್ಯಾ? 'ತಿರುಮಾರನ್ ಸಾರ್ ತಂಡಕ್ಕೆ ಒಂದು ಹರಳು ಎಲ್ಲಿ ಸಾಕಾಗುತ್ತೆ? ಬಹುಮಾನ ಎಲ್ಲಾ ಅವರಿಗೇ ಬೇಕಲ್ಲ, ತಟ್ಟೆಯಲ್ಲಿ ಇರೋದೆಲ್ಲ ಸುರ್ಕೊಳ್ಳಿ!' ಅಂತ ತಟ್ಟೆ ಕೈಗಿಟ್ಟು ಹೋದ್ರಿ. ಇಡೀ ವಿಭಾಗ ಕೇಳ್ತು. ನಕ್ತು ಕೂಡ."

ಪೊನ್ನರಸಿಗೆ ನೆನಪಾಯಿತು. ಒಂದೊಂದು ಅಕ್ಷರವೂ. ಮೇಡಂ ಅಂದದ್ದನ್ನು ಆಜ್ಞೆ ಎಂದುಕೊಳ್ಳುವ ಹುಡುಗರು. ಪೂಜೆಯ ತಟ್ಟೆಯಲ್ಲಿ ಮಿಕ್ಕದ್ದನ್ನು ಹಿಂದಕ್ಕೆ ಒಯ್ಯಬಾರದೆಂಬ ನಂಬಿಕೆ. ಹಾಗಾದರೆ ತನ್ನ ಕುಹಕವೇ...

ಅಂಗಳದಿಂದ ಲ್ಯಾಬಿಗೆ ಅವಳು ಓಡಿದ ಓಟಕ್ಕೆ ಕಾಲೇಜಿನ ಕ್ರೀಡಾ ದಾಖಲೆಗಳೆಲ್ಲ ತಾವಾಗಿಯೇ ಬೋರ್ಡಿನಿಂದ ಉದುರಿದವು.

"ಕಯಲ್! ನಿನ್ನೆ ನಾನು ಕೊಟ್ಟ ಕಲ್ಲುಸಕ್ಕರೆ ಏನು ಮಾಡಿದ್ರಿ? ನಿಜ ಹೇಳು. ಎಲ್ಲಾ ಸುರಿದ್ರಾ?"

ಕಯಲ್‌ವಿಳಿ ಅವಳನ್ನು ವಿಚಿತ್ರವಾಗಿ ನೋಡಿದಳು. "ಯಾರಾದ್ರೂ ಸುರೀತಾರಾ ಮೇಡಂ? ಸಕ್ಕರೆ ಬಿದ್ರೆ ಸಿಮೆಂಟ್ ಕೂರಲ್ಲ ಅಂತ ಮೂರನೇ ಸೆಮಿಸ್ಟರಿನಲ್ಲಿ ನೀವೇ ಬೋರ್ಡ್ ಮೇಲೆ ಬರೆದು ಕುಟ್ಟಿ ಕುಟ್ಟಿ ಹೇಳಿದ್ರಿ." ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಕಲ್ಲುಸಕ್ಕರೆ ಫಳಫಳ ಹೊಳೆಯಿತು. "ಒಂದು ಹರಳು ಬಕೆಟ್ಟಿಗೆ. ಮಿಕ್ಕಿದ್ದು ಅಜ್ಜಿಗೆ ಕೆಮ್ಮಿಗೆ ಅಂತ ಎತ್ತಿಟ್ಟೆ. ನೀವು ಕುಹಕ ಆಡಿದ್ದು ನಮಗೆ ತಿಳೀಲಿಲ್ಲ ಅಂದ್ಕೊಂಡ್ರಾ?"

ಪೊನ್ನರಸಿಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ನಾಚಿಕೆಯಿಂದ ಸುಮ್ಮನಾದಳು.

"ಸರಿ. ಪೂಜೆ ಆಯ್ತು. ಕಲಸೋಕೆ ಮುಂಚೆ ಬಕೆಟ್ ಬಿಟ್ಟು ಎಲ್ಲಿಗಾದ್ರೂ ಹೋಗಿದ್ರಾ?"

"ಸಿಹಿ ಪೊಂಗಲ್ ಹಂಚ್ತಾ ಇದ್ರಲ್ಲ, ಎಲ್ಲಾ ಹೊರಗೆ ಹೋದ್ವಿ. ಆದ್ರೆ ಬಕೆಟ್ ಹತ್ರ ಕಾವಲಿತ್ತು ಮೇಡಂ."

"ಯಾರು?"

"ಸಾರ್. 'ನಾನು ಪೊಂಗಲ್ ತಿನ್ನೋ ಹಾಗಿಲ್ಲ, ನೀವು ಹೋಗಿ ಬನ್ನಿ, ನಾನು ನೋಡ್ಕೋತೀನಿ' ಅಂದ್ರು. ಪಾಪ, ಅವರಿಗೆ ಸಕ್ಕರೆ ಕಾಯಿಲೆ ಅಲ್ವಾ."

ಪೊನ್ನರಸಿ ಮೂಲೆಯ ಬಕೆಟ್ಟಿನತ್ತ ಒಮ್ಮೆ ತಿರುಗಿ ನೋಡಿದಳು. ಈ ಸಲ ಇರುವೆಗಳಿಗಾಗಿ ಅಲ್ಲ.

"ಕಯಲ್, ನಿನಗೂ ಸಾರ್‌ಗೂ ಏನಾದ್ರೂ ಮಾತು ಬಂದಿತ್ತಾ?"

"ಮಾತು ಅಂತ ಏನಿಲ್ಲ..." ಹುಡುಗಿ ದುಪಟ್ಟಾದ ಅಂಚು ಎಳೆದಳು. "ಚೆನ್ನೈ ಸಮ್ಮೇಳನಕ್ಕೆ ಒಂದು ಪೇಪರ್ ಕಳಿಸ್ದೆ, ಬಿಲ್ಲೆ ಪುಡಿ ಬಗ್ಗೆ. ಕೆಲಸ ಎಲ್ಲಾ ನಾನೇ ಮಾಡಿದ್ದು ಅಂತ ನನ್ನ ಹೆಸರು ಮೊದಲು ಹಾಕ್ದೆ, ಸಾರ್ ಹೆಸರು ಆಮೇಲೆ."

ಪೊನ್ನರಸಿ ಗೋಡೆ ಹಿಡಿದುಕೊಂಡಳು. ಆ ಕಾಲೇಜಿನಲ್ಲಿ ಏನು ಬರೆದರೂ ತಲೆಯ ಮೇಲೆ ಗಣಪತಿಯ ಗುರುತಾದ ಪಿಳ್ಳೈಯಾರ್ ಸುಳಿ ಹಾಕುವುದು ಹೇಗೋ, ಪೇಪರಿನ ತಲೆಯ ಮೇಲೆ ಗೈಡಿನ ಹೆಸರು ಹಾಗೆ. ಗೈಡಿನ ಹೆಸರನ್ನು ಕೆಳಗಿಳಿಸಿದ ವಿದ್ಯಾರ್ಥಿ ಈ ಭೂಮಿಯ ಮೇಲೆ ಅದುವರೆಗೆ ಹುಟ್ಟಿರಲಿಲ್ಲ.

"ಸಾರ್ ಏನಂದ್ರು?"

"ಏನೂ ಅನ್ನಲಿಲ್ಲ ಮೇಡಂ. ಪೇಪರ್ ಒಪ್ಕೊಂಡ್ರು ಅಂತ ಹೇಳ್ದಾಗ ನಕ್ಕರು. 'ಕ್ಯೂಬ್ ಗಟ್ಟಿಯಾಗಲಿ, ಆಮೇಲೆ ಹೆಸರು' ಅಂದ್ರು ಅಷ್ಟೆ."

ನಾಲ್ಕಾಗಲು ಇನ್ನೇನು ಬಾಕಿ ಎನ್ನುವಾಗ ಎಚ್‌ಓಡಿಯ ಬಾಗಿಲ ಮುಂದಿನ ಪಡಸಾಲೆಯಲ್ಲಿ ಮೂವರು ನಿಂತಿದ್ದರು. ಅಳಗಪ್ಪನ್ ತಲೆ ತಗ್ಗಿಸಿದ್ದ. ತಿರುಮಾರನ್ ಕೈಯಲ್ಲಿ ಕಾಗದದ ಪೊಟ್ಟಣ. ಪೊನ್ನರಸಿ ಅವನ ದಾರಿಗೆ ಅಡ್ಡ.

"ನಿನ್ನ ಪತ್ತೇದಾರಿಕೆ ನಾನೇ ಮುಗಿಸ್ದೆ ಪೊನ್ನರಸಿ," ಎಂದ ತಿರುಮಾರನ್, ಪೊಟ್ಟಣ ಬಿಚ್ಚುತ್ತ. ತಾಳೆಬೆಲ್ಲದ ಒಂದು ಅಚ್ಚು, ಅರ್ಧ ಮುರಿದದ್ದು. "ಕಯಲ್ ಬಕೆಟ್ ಇದ್ದ ಜಾಗದ ಹಿಂದೆ ಸಿಕ್ತು. ಈ ಮಹಾಶಯನದ್ದು."

"ನಾನಲ್ಲ ಸಾರ್..." ಅಳಗಪ್ಪನ ದನಿ ಸೋತಿತ್ತು.

ಪೊನ್ನರಸಿ ಪೊಟ್ಟಣಕ್ಕೆ ಕೈ ಹಾಕಿದಳು. ಕಿಟಕಿಯ ಮೇಲೆ ಯಾರೋ ಇಟ್ಟಿದ್ದ ಗಾಜಿನ ಲೋಟದ ನೀರಿಗೆ ಬೆಲ್ಲದ ಚೂರೊಂದನ್ನು ಮುರಿದು ಹಾಕಿ ಕಲಕಿದಳು. ನೀರು ಕಪ್ಪು ಕಾಫಿಯಾಯಿತು. ಆಮೇಲೆ ಅಳಗಪ್ಪನ ಮೊಳಕೈ ಹಿಡಿದು ಮೇಲೆತ್ತಿದಳು.

"ಇವನ ಕೈ ನೋಡಿ ಸಾರ್. ಮುಟ್ಟಿದ್ದಕ್ಕೆಲ್ಲ ಬಣ್ಣ ಹತ್ತುತ್ತೆ. ಕಯಲ್ ಬಕೆಟ್ ಬಿಳೀ ಪ್ಲಾಸ್ಟಿಕ್ಕು, ಒಂದು ಕಲೆ ಇಲ್ಲ. ಕ್ಯೂಬೂ ಬೂದು ಬಣ್ಣಾನೇ. ಬೆಲ್ಲ ಹಾಕಿದ್ರೆ ಈ ಕಪ್ಪು ಎಲ್ಲಿಗೆ ಹೋಯ್ತು? ಹಾಕಿದ್ದು ಬಿಳಿ ಸಕ್ಕರೆ."

ತಿರುಮಾರನ್ ಮುಖದ ಮೇಲಿನ ನಗು ಅಲುಗಲಿಲ್ಲ.

"ಅಳಗಪ್ಪಾ, ನೀನು ಕಯಲ್ ಹತ್ರ ಹೋಗು. ಬಿಲ್ಲೆ ಪುಡಿ ಜರಡಿ ಹಿಡೀರಿ, ಅಚ್ಚಿಗೆ ಎಣ್ಣೆ ಸವರಿ. ಇವತ್ತೇ ಎರೀಬೇಕು." ಹುಡುಗ ಬದುಕಿದೆಯಾ ಬಡಜೀವವೇ ಎಂದು ಓಡಿದ.

ಇಬ್ಬರೇ ಉಳಿದರು.

"ಮೊನ್ನೆ ನಮ್ಮ ಬೀರುವಿನ ಡಬ್ಬಿಗೆ ನಾನೇ ಸಕ್ಕರೆ ತುಂಬಿಸಿದ್ದೆ ತಿರು," ಎಂದಳು ಪೊನ್ನರಸಿ. ಗಂಟಲಲ್ಲಿ ಇಪ್ಪತ್ತು ವರ್ಷದ ಕಿಚ್ಚೂ, ಕೊನೆಗೂ ಸಿಕ್ಕ ಹಬ್ಬದ ಖುಷಿಯೂ ಒಟ್ಟಿಗೆ ಕುದಿಯುತ್ತಿದ್ದವು. "ಇವತ್ತು ಬೆಳಿಗ್ಗೆ ಅದರಲ್ಲಿ ಒಂದು ಕಾಳಿಲ್ಲ. ಬೀರುಗೆ ಬೀಗ. ಎಲ್ಲರೂ ಪೊಂಗಲ್ ತಿಂತಿದ್ದಾಗ ಬಕೆಟ್ ಕಾಯ್ತಾ ಇದ್ದವನು ನೀನು. ಒಬ್ಬ ಹುಡುಗಿ ಹೆಸರು ನಿನ್ನ ಹೆಸರಿಗಿಂತ ಮೇಲೆ ಬಂತು ಅಂತ! ನಿನ್ನ ವಿದ್ಯಾರ್ಥಿ ಮೇಲೆ ನಿನಗೇ ಹೊಟ್ಟೆಕಿಚ್ಚಾ?"

ತಿರುಮಾರನ್ ಬೆಲ್ಲವನ್ನು ನಿಧಾನವಾಗಿ ಮತ್ತೆ ಪೊಟ್ಟಣ ಕಟ್ಟಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ.

"ಬೀಗದ ಕೈ ಎಷ್ಟಿವೆ ಪೊನ್ನರಸಿ? ಎರಡು. ಒಂದು ನನ್ನ ಹತ್ರ, ಒಂದು ನಿನ್ನ ಹತ್ರ. ನಾನು ಸಕ್ಕರೆ ಮುಟ್ಟಲ್ಲ ಅಂತ ಇಡೀ ಕಾರೈಕುಡಿಗೆ ಗೊತ್ತು. ಮತ್ತೆ, 'ಎಲ್ಲಾ ಸುರ್ಕೊಳ್ಳಿ' ಅಂತ ನಿನ್ನೆ ಇಡೀ ವಿಭಾಗದ ಮುಂದೆ ಕೂಗಿದ್ದು ನಾನಲ್ಲ. ಹೊಟ್ಟೆಕಿಚ್ಚು ಯಾರಿಗೆ ಅಂತ ಕೇಳಿದ್ರೆ ಹುಡುಗರು ಯಾರ ಕಡೆ ಕೈ ತೋರಿಸ್ತಾರೆ, ಹೇಳು?"

ಪೊನ್ನರಸಿಯ ಸೊಂಟದಲ್ಲಿದ್ದ ಆ ಪುಟ್ಟ ಬೀಗದ ಕೈ ಒಮ್ಮೆಲೇ ಒಂದು ಮಣ ಭಾರವಾಯಿತು.

ಬಾಗಿಲು ತೆರೆದುಕೊಂಡಿತು. ಒಳಗಿನಿಂದ ಎಚ್‌ಓಡಿಯ ದನಿ ಬಂತು. "ನಾಲ್ಕಾಯ್ತು. ಸಕ್ಕರೆ ಹಾಕಿದ್ದು ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ," ಎಂದ ತಿರುಮಾರನ್, ಪೊನ್ನರಸಿಗಿಂತ ಮೊದಲು ಒಳಗೆ ಕಾಲಿಡುತ್ತ. "ಹೇಳೋಕೇ ನನಗೆ ಸಂಕಟ ಆಗ್ತಿದೆ."